ಕಣೇಕಲ್ಲಿನ ಮರಳು, ಅಭಿವೃದ್ಧಿಯ ಲೆಕ್ಕ

ಗಡಿನಾಡ ಕನ್ನಡಿಗರಾದ ನಮಗೆ ಕಣೇಕಲ್ಲು ದೂರದ ಊರಾದರೂ ಪರಕೀಯವಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲೂಕು ಆಂಧ್ರಕ್ಕೆ ಹೋಯಿತು. 1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು.

ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ನಮ್ಮಲ್ಲಿ ಆಟಿ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಕಣೇಕಲ್ಲಿನ ಬಳಿ ಹರಿಯುವ ವೇದಾವತಿ, ಅಂದರೆ ಹಗರಿ, ವರ್ಷದ ಬಹುಕಾಲ ಒಣಗಿರುತ್ತದೆ. ಆಷಾಢದ ಗಾಳಿಗೆ ಹೊಳೆಯ ಮರಳೆದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ತುಂಗಭದ್ರೆಯ ಕಾಲುವೆ ನೀರು ತಲಪುವಲ್ಲಿ ಭತ್ತ. ತಲಪದಲ್ಲಿ ಮುಗಿಲು ನೋಡುವ ಶೇಂಗಾ ರೈತ.

ಇದಕ್ಕೆಲ್ಲ ಕಾರ್ಖಾನೆಯ ಹೊಗೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಮೇಲ್ಭಾಗದಲ್ಲಿ 1907ರ ಮಾರಿಕಣಿವೆ ಅಣೆಕಟ್ಟು, ಆಮೇಲಿನ ಭೈರವಾನಿತಿಪ್ಪ ಅಣೆಕಟ್ಟು ಹೊಳೆಯ ನೀರನ್ನು ತಡೆದಿವೆ. ಆದರೆ ಭೂಮಿ ಕಾದಷ್ಟೂ ಬರದ ಬಿಸಿ ಏರುತ್ತದೆಂಬುದು ನಿರ್ವಿವಾದ. ಕಾಯಿಸಿದವರು ಯಾರು? ಅಮೆರಿಕದವನ ಪಾಲಿಗೆ ತಲಾ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್, ಭಾರತೀಯನಿಗೆ ಸುಮಾರು 2 ಟನ್. ಆ ಎರಡು ಟನ್ನಿನಲ್ಲೂ ಶೇಂಗಾ ಬೆಳೆವವನ ಪಾಲು ಅತ್ಯಲ್ಪ.

ಹಾಗೆಂದು ತೋರಣಗಲ್ಲಿನ ಉಕ್ಕು, ಕುಡತಿನಿಯ ವಿದ್ಯುತ್ತು ಬೇಡವೆನ್ನಲಾದೀತೇ? ಸೇತುವೆಗೂ ಪಂಪುಸೆಟ್ಟಿಗೂ ಅವು ಬೇಕು. ಬಡವನಿಗೆ ಅಭಿವೃದ್ಧಿ ಬೇಡವೆನ್ನುವವರು ಉಂಡವರೇ. ಆದರೆ ಹೊಗೆಯಿಲ್ಲದೆ ಏಳಿಗೆಯಿಲ್ಲವೆಂಬ ಮಾತು ಹಳತಾಯಿತು. ಬ್ರಿಟನ್ನಿನ ಹೊಗೆ 1990ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕಿಳಿದಿದೆ, ಸಂಪತ್ತು ಬೆಳೆದಿದೆ; 2024ರಲ್ಲಿ ಅದು ಕೊನೆಯ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನೂ ಮುಚ್ಚಿತು. ಅದರ ಕೆಲವು ಕಾರ್ಖಾನೆಗಳು ಪರದೇಶಕ್ಕೆ ಹೋದುದೂ ನಿಜವೇ.

ಮರಳು ಹಾರಿಸುವ ಗಾಳಿಯೇ ವಿದ್ಯುತ್ತನ್ನೂ ಕೊಡಬಲ್ಲದು. ಅದೇ ಸೀಮೆಯ ರಾಮಗಿರಿಯಲ್ಲಿ 1990ರ ದಶಕದಿಂದಲೇ ಗಾಳಿಯಂತ್ರಗಳಿವೆ. 2070ಕ್ಕೆ ಹೊಗೆಯ ಲೆಕ್ಕ ಶೂನ್ಯ ಮಾಡುವೆವೆಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಆ ಮಾತು ಉಳಿಸಿಕೊಳ್ಳಲು ಇಂಥ ಬಯಲುಗಳೇ ಬೇಕು.

ಆದ್ದರಿಂದ ನಮ್ಮ ಆಗ್ರಹವಿಷ್ಟೇ. ಯಂತ್ರ ನಿಲ್ಲುವ ಊರಿಗೆ ಆದಾಯದಲ್ಲಿ ಪಾಲಿರಲಿ. ಆ ಹಣದಲ್ಲಿ ಮರಳು ತಡೆಯುವ ಮರಗಳು ಬೆಳೆಯಲಿ. ಹೊಲದ ಗುತ್ತಿಗೆ ಪತ್ರ ಕನ್ನಡದ ರೈತನಿಗೆ ಕನ್ನಡದಲ್ಲೇ ಸಿಗಲಿ. ಓದಲಾಗದ ಕಾಗದಕ್ಕೆ ರುಜು ಹಾಕುವ ಸಂಕಟವೇನೆಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆಯ ಕಾಲದಲ್ಲಿ ಪಾಲು ಸಿಗದವರಿಗೆ ಗಾಳಿಯ ಕಾಲದಲ್ಲೂ ಮರಳೇ ಉಳಿಯಬಾರದು.