ಹಾಸ್ಟೆಲ್ಲಿನ ಬಾಗಿಲಿಗೆ ಯಾರು ಬರ್ತೀರಿ?

ಹಾಸ್ಟೆಲ್ಲಿನ ಹುಡುಗ ಹದಿನೈದು ದಿನದಿಂದ ನಿದ್ದೆ ಮಾಡಿಲ್ಲ. ಅನ್ನ ಸೇರೋದಿಲ್ಲ. ಕ್ಲಾಸು ಬಿಟ್ಟ. ಮೇಷ್ಟ್ರು ಅಂದರು: ಸೋಮಾರಿ. ಜೊತೆಯವರು ಅಂದರು: ಕೋಟಾದಲ್ಲಿ ಬಂದೋನು, ಓದೋಕಾಗಲ್ಲ. ಊರಿನವರು ಅಂದರು: ಗಾಳಿ ಸೋಕಿದೆ, ತಾಯತ ಕಟ್ಟಿಸಿ. ಕಾಯಿಲೆ ಅಂತ ಒಬ್ಬರೂ ಅನ್ನಲಿಲ್ಲ.

ನಾವು ಕೇಳ್ತೀವಿ: ಕಾಲು ಮುರಿದವನಿಗೆ ಓಡು ಅಂತೀರಾ?

ಮನಸ್ಸಿನ ಕಾಯಿಲೆ ಯಾವ ಜಾತಿಗಾದರೂ ಬರುತ್ತೆ, ನಿಜ. ಆದರೆ ದಿನಾ ಜಾತಿ ಎತ್ತಿ ಆಡಿಸಿಕೊಳ್ಳುವ, ತಿಂಗಳುಗಟ್ಟಲೆ ಸ್ಕಾಲರ್‌ಶಿಪ್ಪಿಗೆ ಕಾಯುವ ಮಕ್ಕಳ ಮೇಲೆ ಅದರ ಭಾರ ದುಪ್ಪಟ್ಟು. 2016ರಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ, 2019ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಪಾಯಲ್ ತಡ್ವಿ ಸತ್ತರು. ಅದಾದ ಮೇಲೂ 'ಮನಸ್ಸು ಗಟ್ಟಿ ಮಾಡ್ಕೋ' ಅನ್ನೋದು ಬುದ್ಧಿಮಾತಲ್ಲ, ತಪ್ಪಿಸಿಕೊಳ್ಳುವ ದಾರಿ.

ಕಾನೂನು ಇಲ್ಲದೆ ಇಲ್ಲ. ಸರ್ಕಾರದ ಖರ್ಚಿನಲ್ಲಿ ಚಿಕಿತ್ಸೆ ಪಡೆಯೋದು ಹಕ್ಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿದೆ. ಸರಪಳಿ ಬಿಗಿಯೋದನ್ನು ನಿಷೇಧಿಸಿದೆ. ಹಳ್ಳಿ ಆಸ್ಪತ್ರೆಯ ಡಾಕ್ಟರಿಗೂ ಈ ಚಿಕಿತ್ಸೆ ಕಲಿಸಬಹುದು ಅಂತ 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬಳ್ಳಾರಿ ದೇಶಕ್ಕೇ ಪಾಠ ಹೇಳಿತು. ನಮ್ಮ ಹಾಸ್ಟೆಲ್ಲಿನ ಬಾಗಿಲಿಗೆ ಆ ಪಾಠ ಯಾಕೆ ಬರಲಿಲ್ಲ?

ಹಾಸ್ಟೆಲ್ಲಿಗೆ ಹೊಟ್ಟೆ ತುಂಬ ಊಟ ಬೇಕು. ಹೊತ್ತಿಗೆ ಸರಿಯಾಗಿ ಸ್ಕಾಲರ್‌ಶಿಪ್ಪು ಬೇಕು. ಹೇಳಿದ್ದನ್ನು ಗುಟ್ಟಾಗಿಡುವ ಆಪ್ತಸಮಾಲೋಚಕರು ಬೇಕು. ಇದು ಭಿಕ್ಷೆ ಅಲ್ಲ, ಬಾಕಿ.

ಅಲ್ಲಿವರೆಗೆ ಗೆಳೆಯರೇ, ಮೇಷ್ಟ್ರೇ, ಮಂಕಾಗಿ ಕೂತ ಹುಡುಗ ಹುಡುಗಿಯರ ಪಕ್ಕ ಕೂತ್ಕೊಳ್ಳಿ. ಅವರ ಮಾತು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಜೊತೇಲಿ ಹೋಗಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ನಮ್ಮ ಇನ್ನೊಂದು ಮಗುವನ್ನು ಕಳಕೊಳ್ಳೋಕೆ ನಾವು ತಯಾರಿಲ್ಲ.