ಶಿಶುವಿನ ಮನೆ ಕಟ್ಟುವ ಆಟ

ಮೂರು ವರ್ಷ ತುಂಬುವುದರೊಳಗೆ ಕೂಸಿನ ಕೈಗೆ ಬಳಪವನ್ನಿತ್ತು ಅಕ್ಷರ ತಿದ್ದಿಸುವ ಆತುರವು ಬಳ್ಳಾರಿ ನಗರದಲ್ಲಿ ಮಾತ್ರವಲ್ಲ, ಸಿರುಗುಪ್ಪೆ, ಕುರುಗೋಡುಗಳಂಥ ಊರುಗಳಲ್ಲಿಯೂ ಕಾಣುವುದು. ಅದೇ ಕೂಸು ನಾಲ್ಕು ಮರದ ತುಂಡುಗಳನ್ನು ಒಟ್ಟಿ ಮನೆ ಕಟ್ಟುತ್ತಿದ್ದರೆ, "ಆಟ ಸಾಕು, ಬರೆ" ಎಂದು ಗದರಿಸುವೆವು. ಅಲ್ಲಿ ನಡೆಯುತ್ತಿದ್ದುದೂ ವಿದ್ಯಾಭ್ಯಾಸವೇ ಎಂಬುದು ನಮ್ಮ ಗಮನಕ್ಕೆ ಬಾರದು.

ಜರ್ಮನಿಯ ಫ್ರೋಬೆಲನು 1837ರಲ್ಲಿ ಎಳೆಯ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಆತನು ಕಲ್ಪಿಸಿದ ಆಟಿಕೆಗಳಲ್ಲೊಂದು, 8 ಸಮನಾದ ಚಿಕ್ಕ ಘನಗಳು ಕೂಡಿ ಆದ ದೊಡ್ಡ ಘನ. ಬಿಡಿಸುತ್ತ ಹೋದರೆ ಅರ್ಧ, ಕಾಲು, ಅರೆಕಾಲು. ಕೂಡಿಸಿದರೆ ಮತ್ತೆ ಇಡಿಯದು. ಭಿನ್ನರಾಶಿಯೆಂಬ ಹೆಸರನ್ನು ಕೇಳುವ ಎಷ್ಟೋ ಮೊದಲೇ ಅದರ ಅನುಭವವು ಮಗುವಿನ ಬೆರಳಿಗೆ ಸಿಕ್ಕಿರುವುದು. ತುಂಡುಗಳನ್ನು ಅಲುಗದಂತೆ ಇಟ್ಟು ಇಟ್ಟು ಪಳಗಿದ ಬೆರಳುಗಳೇ ಮುಂದೆ ಲೇಖಣಿಯನ್ನು ಹಿಡಿಯಬೇಕಲ್ಲವೆ?

ಚಿಕ್ಕದರ ಮೇಲೆ ದೊಡ್ಡದನ್ನಿಟ್ಟಾಗ ಗೋಪುರವು ಕುಸಿಯುವುದು. ಮಗುವು ಒಂದು ಗಳಿಗೆ ಸುಮ್ಮನೆ ನೋಡಿ, ಅಗಲವಾದುದನ್ನು ಅಡಿಗೆ ತರುವುದು. ಆ ಗಳಿಗೆಯಲ್ಲಿ ಹಿರಿಯರು ಕೈಹಾಕಬಾರದು. ನಾವು ಸರಿಪಡಿಸಿದರೆ ಗೋಪುರವೇನೋ ನಿಂತೀತು, ಮಗುವು ತಾನೇ ಯೋಚಿಸುವ ಸಂದರ್ಭವು ತಪ್ಪುವುದು. ಕೈಗಿಂತ ಮಾತು ಮೇಲು. ಕುರುಗೋಡಿನ ದೊಡ್ಡಬಸವನನ್ನು ಕಂಡುಬಂದ ಮಗುವು ಗುಡಿ ಕಟ್ಟುತ್ತಿದ್ದರೆ, "ಬಸವಣ್ಣನನ್ನು ಎಲ್ಲಿ ಕೂರಿಸುವೆ? ಬಾಗಿಲು ಯಾವ ಕಡೆ?" ಎಂದು ಕೇಳಿ ನೋಡಿರಿ. ಒಳಗೆ, ಹಿಂದೆ, ಎದುರಿಗೆ ಎಂಬ ಮಾತುಗಳು ಅರ್ಥದೊಡನೆಯೇ ಬಾಯಿಗೆ ಬರುವುವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಕೆಯನ್ನು ವಿಧಿಸಿರುವುದೂ ವೃಥಾ ಅಲ್ಲ.

ಇದಕ್ಕೆ ದುಬಾರಿ ಪೆಟ್ಟಿಗೆಯೇ ಬೇಕೆಂದಿಲ್ಲ. ನಮ್ಮ ಚನ್ನಪಟ್ಟಣದ ಅರಗಿನ ಬೊಂಬೆಗಳು ಅಂದವಾದುವೇ. ಆದರೆ ಚರಕಿಯ ಮೇಲೆ ಕಡೆದ ದುಂಡು ವಸ್ತುಗಳು ಉರುಳುವುವು, ಒಂದರ ಮೇಲೊಂದು ನಿಲ್ಲಲಾರವು. ಬಡಗಿಯ ಬಳಿ ಉಳಿದ ತೇಗದ ಅಥವಾ ಬೇವಿನ ತುಂಡುಗಳನ್ನು ಒಂದೇ ಅಳತೆಗೆ ಕೊಯ್ಯಿಸಿ, ಕೆಲವನ್ನು ಅದರ ಎರಡರಷ್ಟು ಉದ್ದ, ಕೆಲವನ್ನು ಅರ್ಧ ಮಾಡಿಸಿದರಾಯಿತು. ಇಪ್ಪತ್ತು ಮೂವತ್ತು ತುಂಡುಗಳು ಆರಂಭಕ್ಕೆ ಸಾಕು. ಸಿಬಿರು ಉಳಿಯದಂತೆ ಉಜ್ಜಿಸಬೇಕು, ಮೊಳೆ ಇರಕೂಡದು, ಬಣ್ಣ ಬಳಿಸದಿರುವುದೇ ಲೇಸು. ಬಾಯೊಳಗೆ ಹೋಗುವಷ್ಟು ಚಿಕ್ಕ ತುಂಡು ಎಳೆಯ ಮಕ್ಕಳ ಕೈಗೆ ಸಿಗಲೇಬಾರದು.

ರಾತ್ರಿ ಕಸ ಗುಡಿಸುವಾಗ ಅರ್ಧ ಕಟ್ಟಿದ ಗುಡಿಯನ್ನು ಕೆಡವದೆ ಮೂಲೆಯಲ್ಲಿ ಹಾಗೆಯೇ ಬಿಡಿರಿ. ಬೆಳಗ್ಗೆ ಎದ್ದ ಮಗುವು ಮೊದಲು ಅಲ್ಲಿಗೇ ಹೋಗುವುದು.