ಉನ್ಮಾದವೆಂಬ ಸಂಚಾರಿಭಾವ



ಮನುಷ್ಯನ ಅಂತರಂಗವನ್ನೇ ರಣರಂಗವಾಗಿಸಿಕೊಂಡ ಚಲನಚಿತ್ರಗಳುಂಟು. ಅವನ್ನು ಮನೋವೈಜ್ಞಾನಿಕ ಚಿತ್ರಗಳೆಂದು ಕರೆಯುವುದು ವಾಡಿಕೆ. ಅವುಗಳಿಗೆ ತಮ್ಮದೇ ಆದ ಸಂಪ್ರದಾಯಗಳಿವೆ. ಕಥೆ ಬಹುಮಟ್ಟಿಗೆ ಒಂದೇ ಮನೆಯ ಗೋಡೆಗಳೊಳಗೆ ನಡೆಯುತ್ತದೆ. ಮುಖದ ಅತಿಸೂಕ್ಷ್ಮ ವಿಕಾರವೂ ಕಾಣುವಂತೆ ಕ್ಯಾಮರಾ ಸಮೀಪಕ್ಕೆ ಸರಿಯುತ್ತದೆ. ಬಹುಕಾಲ ಮುಚ್ಚಿಟ್ಟ ನೋವು ಅನಿರೀಕ್ಷಿತವಾಗಿ ಹೊರಬೀಳುತ್ತದೆ. ಕಂಡದ್ದು ನಿಜವೋ ಭ್ರಮೆಯೋ ಎಂಬ ಸಂದೇಹ ಪಾತ್ರದಂತೆ ಪ್ರೇಕ್ಷಕನನ್ನೂ ಕಾಡುತ್ತದೆ.

ಈ ವಸ್ತು ನಮ್ಮ ಪ್ರಾಚೀನ ಲಾಕ್ಷಣಿಕರಿಗೆ ಅಪರಿಚಿತವಾಗಿರಲಿಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಉನ್ಮಾದವನ್ನು ಹೆಸರಿಸಿ, ಪ್ರಿಯಜನರ ಅಗಲಿಕೆ, ಸಂಪತ್ತಿನ ನಾಶ, ಆಘಾತ, ವಾತಪಿತ್ತಾದಿಗಳ ಪ್ರಕೋಪ ಮುಂತಾದವನ್ನು ಅದಕ್ಕೆ ಕಾರಣಗಳೆಂದು ಹೇಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಅದನ್ನು 33 ಸಂಚಾರಿಭಾವಗಳ ಸಾಲಿನಲ್ಲಿ ಇರಿಸಿದೆ. ಶೋಕ, ಕ್ರೋಧಾದಿಗಳು ಸ್ಥಾಯಿಗಳು. ಸಂಚಾರಿಗಳಾದರೋ ಅಲೆಗಳಂತೆ ಎದ್ದು ಅಡಗುವಂಥವು. ಇದು ನಾಟ್ಯದ ವಿಂಗಡಣೆಯೇ ಹೊರತು ವೈದ್ಯದ್ದಲ್ಲ, ಆದರೂ ಚಿಂತನೀಯವಾದುದು. ಬಂದುಹೋಗುವ ಭಾವವನ್ನು ಸ್ಥಾಯಿಯಾಗಿಸುವವರು ಯಾರು?

ಈ ಪ್ರಶ್ನೆಗೆ ಎರಡು ಚಿತ್ರಗಳು ಎರಡು ಬಗೆಯಲ್ಲಿ ಉತ್ತರಿಸಿವೆ. ಜಾರ್ಜ್ ಕ್ಯೂಕರ್ ನಿರ್ದೇಶಿಸಿದ ಹಾಲಿವುಡ್ಡಿನ ‘ಗ್ಯಾಸ್‌ಲೈಟ್’ (1944) ಚಿತ್ರದಲ್ಲಿ ಗಂಡನೇ ಹೆಂಡತಿಯ ಬುದ್ಧಿಯ ಮೇಲೆ ಅವಳಿಗೇ ಅಪನಂಬಿಕೆ ಹುಟ್ಟಿಸುತ್ತಾನೆ. ಮನೆಯ ದೀಪ ಮಂಕಾದುದನ್ನು ಅವಳು ಕಂಡಿದ್ದರೂ ಅದು ಅವಳ ಭ್ರಮೆಯೆಂದು ನಂಬಿಸುತ್ತಾನೆ. ಅಲ್ಲಿ ಖಳನೊಬ್ಬನಿದ್ದಾನೆ, ಅವನು ಸಿಕ್ಕಿಬಿದ್ದೊಡನೆ ಕಥೆ ಮುಗಿಯುತ್ತದೆ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ (1971) ಇನ್ನೂ ಆಳಕ್ಕಿಳಿಯುತ್ತದೆ. ಕಲ್ಪನಾ ಅಭಿನಯಿಸಿದ ಕಾವೇರಿ ಸುಶಿಕ್ಷಿತೆ, ಸಂಭ್ರಮದ ಗೃಹಿಣಿ. ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ವಿವಾಹಪೂರ್ವದ ಕಹಿ ಘಟನೆಯೊಂದು ಬಾಯಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣಹೊಂದಿ ಮರಳುತ್ತಾಳೆ. ಸಾಮಾನ್ಯ ಚಿತ್ರವಾಗಿದ್ದರೆ ಅಲ್ಲಿಗೆ ಮಂಗಳವಾಗುತ್ತಿತ್ತು. ಇಲ್ಲಿ ನಿಜವಾದ ದುರಂತ ಆರಂಭವಾಗುವುದೇ ಅಲ್ಲಿಂದ. ಅವಳು ನಕ್ಕರೂ ಸಂಶಯ, ಸಿಟ್ಟಾದರೂ ಸಂಶಯ. ಪತಿ ದೂರವಾಗಿ ಅನ್ಯಳಲ್ಲಿ ಆಸಕ್ತನಾಗುತ್ತಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆ ಸೇರುತ್ತಾಳೆ. ಅವಳನ್ನು ಹುಚ್ಚಿಯಾಗಿಸಬೇಕೆಂದು ಯಾರೂ ಸಂಚು ಹೂಡಿರಲಿಲ್ಲ. ಒಂದೊಂದು ನೋಟ, ಒಂದೊಂದು ಪಿಸುಮಾತು ಒಂದೊಂದು ಬಾಣವಾಗಿ, ಬಾಣಗಳೆಲ್ಲ ಕೂಡಿ ಪಂಜರವಾಯಿತು. ಚಿತ್ರದ ಹೆಸರಿನ ಸಾರ್ಥಕತೆ ಇಲ್ಲಿದೆ.

ಚಿತ್ರ ಬಂದು ಅರ್ಧ ಶತಮಾನ ಕಳೆದಿದೆ. ಬಾಣಂತಿ ಸನ್ನಿಯೆಂದು ಹಿರಿಯರು ಕರೆಯುತ್ತಿದ್ದ ಕಾಯಿಲೆಗೆ ಇಂದು ಪರಿಣಾಮಕಾರಿ ಚಿಕಿತ್ಸೆಯಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿ ಮಾಡಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಮನೆಯಿಂದಲೇ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು. ಆದರೆ ಗುಣವಾಗಿ ಬಂದವರನ್ನು ಹೊಸ್ತಿಲಲ್ಲಿ ಎದುರುಗೊಳ್ಳುವ ಕೆಲಸವನ್ನು ಯಾವ ಕಾಯ್ದೆಯೂ ಮಾಡಲಾರದು.

ಆದುದರಿಂದ ಅತ್ತೆಯಾದವರು, ಪತಿಯಾದವರು, ನೆರೆಹೊರೆಯವರು ಈ ಚಿತ್ರವನ್ನೊಮ್ಮೆ ನೋಡಬೇಕು. ನೋಡಿದವರು ಮತ್ತೊಮ್ಮೆ ನೋಡಬೇಕು. ಕಾವೇರಿಗಾಗಿ ಕಣ್ಣೀರು ಸುರಿಸುವುದು ಸುಲಭ. ಚಿಕಿತ್ಸೆ ಮುಗಿಸಿ ಬಂದ ಸೊಸೆಯ ಕೈಗೆ ಅಡುಗೆಮನೆಯನ್ನೂ ಹಸುಗೂಸನ್ನೂ ನಿಶ್ಶಂಕೆಯಿಂದ ಒಪ್ಪಿಸುವುದು ಕಷ್ಟ. ವೈದ್ಯರು ಗುಣವಾಗಿದೆಯೆಂದು ಹೇಳಿದ ಮೇಲೆ, ಅವಳ ಸಿಟ್ಟನ್ನು ಬರಿಯ ಸಿಟ್ಟೆಂದೇ ತಿಳಿಯುವ ಮನೆ ಅವಳಿಗೆ ದೊರೆಯಲಿ.